ರಿಯಾಯಿತಿ ಗೋಡೆ

ಸಂಜೆ ಐದಾಯಿತೆಂದರೆ ನಮ್ಮ ಸುಣ್ಣದಗೂಡು ಬೀದಿಯ ಹೆಂಗಸರು ಒಲೆಯ ಉರಿ ಸಣ್ಣ ಮಾಡಿ ಹೊರಗೆ ಬರುತ್ತಾರೆ. ಮೊದಲು ತಮ್ಮ ಮನೆಯ ಗೋಡೆ ನೋಡಿಕೊಳ್ಳುತ್ತಾರೆ, ಆಮೇಲೆ ಎದುರುಮನೆಯದು. ಆ ದಿನ ಆ ಮನೆಯವರು ಇಂಟರ್ನೆಟ್ಟಿನಲ್ಲಿ ಏನೇನು ಕೇಳಿದರೋ ಅದೆಲ್ಲ ಬೀದಿಗೋಡೆಯ ಮೇಲೆ ಮೂಡುತ್ತದೆ. ಇದ್ದಿಲಲ್ಲಿ ಬರೆದ ಹಾಗೆ ಕಪ್ಪಗೆ, ದುಂಡಗೆ, ಮೂರನೇ ಕ್ಲಾಸಿನವರೂ ಓದುವಷ್ಟು ದೊಡ್ಡದಾಗಿ. ಬೆಳಿಗ್ಗೆ ಬಾಗಿಲಿಗೆ ನೀರು ಹಾಕುವ ಹೊತ್ತಿಗೆ ಅಳಿಸಿಹೋಗಿರುತ್ತದೆ. ಎಲ್ಲರ ಮನೆಯಲ್ಲೂ ಹೀಗಾಗುವುದಿಲ್ಲ. ಪೂರ್ತಿ ದರ ಕೊಡುವವರ ಗೋಡೆ ತನ್ನ ಪಾಡಿಗೆ ತಾನಿರುತ್ತದೆ. ರಿಯಾಯಿತಿ ಸಂಪರ್ಕ ತೆಗೆದುಕೊಂಡ ಮನೆಗಳಿಗೆ ಮಾತ್ರ ಈ ಮರ್ಯಾದೆ. 'ಸಾರ್ವಜನಿಕರ ಹಣದಿಂದ ನೀಡಿದ್ದು ಸಾರ್ವಜನಿಕರಿಗೆ ಕಾಣತಕ್ಕದ್ದು' ಎಂದು ಅರ್ಜಿಯ ಹಿಂಬದಿಯಲ್ಲಿದೆ. ಅದರ ಕೆಳಗೇ ಇನ್ನೊಂದು ಸಾಲು: ಗೋಡೆಗೆ ವರ್ಷಕ್ಕೊಮ್ಮೆ ಬಿಳಿ ಸುಣ್ಣ ಹೊಡೆಸತಕ್ಕದ್ದು, ಖರ್ಚು ಫಲಾನುಭವಿಯದೇ. ಹಾಗಾಗಿ ನಮ್ಮ ಬೀದಿ ಈ ತುದಿಯಿಂದ ಆ ತುದಿಯವರೆಗೆ ಬಿಳಿ. ಕೆರೆಯಾಚೆಯ ಬಡಾವಣೆಗೆ ಹೋದರೆ ಪಿಸ್ತಾ ಹಸಿರೇನು, ನೇರಳೆಯೇನು, ಬಾಳೆಹಣ್ಣಿನ ಹಳದಿಯೇನು. ಚಿಕ್ಕವಳಿದ್ದಾಗ ಬಣ್ಣದ ಗೋಡೆಯವರು ಏನನ್ನೂ ಕೇಳದೆಯೇ ಎಲ್ಲ ತಿಳಿದುಕೊಂಡವರೆಂದು ನಂಬಿದ್ದೆ.

ಹಾಗಾದರೆ ಆ ಸಂಪರ್ಕ ಬೇಡವೆನ್ನಬಹುದಲ್ಲ ಎಂದು ಹೊರಗಿನವರು ಕೇಳುತ್ತಾರೆ. ರೇಷನ್ ಟೋಕನ್ ಅದರಲ್ಲಿ. ಮಕ್ಕಳ ಅಂಕಪಟ್ಟಿ ಅದರಲ್ಲಿ. ಆಸ್ಪತ್ರೆಯಲ್ಲಿ ಚೀಟಿ ಬರೆಯುವ ಕಿಟಕಿಗೆ ಹಲಗೆ ಹೊಡೆದು ಎಷ್ಟೋ ವರ್ಷವಾಯಿತು, ಅದೂ ಈಗ ಫೋನಿನಲ್ಲೇ. ಬೇಡವೆನ್ನುವ ಬಾಗಿಲನ್ನೆಲ್ಲ ಮುಚ್ಚಿ, ಆಮೇಲೆ ರಿಯಾಯಿತಿ ಕೊಟ್ಟರು.

ಜನ ಹೇಗೋ ಹೊಂದಿಕೊಂಡರು. ಹೆಣ್ಣು ನೋಡಲು ಬರುವವರು ಸರಿಯಾಗಿ ಐದು ಗಂಟೆಗೆ ಬರುತ್ತಾರೆ, ಕಾಫಿಗೆ ಮುಂಚೆ ಗೋಡೆ ಓದುತ್ತಾರೆ. ಅದಕ್ಕೇ ಮದುವೆಗೆ ಬಂದ ಹುಡುಗಿಯಿರುವ ಮನೆಯಲ್ಲಿ ತಿಂಗಳಿಡೀ 'ಉಪ್ಪಿನಕಾಯಿ ಬೂಸ್ಟು ಹಿಡಿಯದಂತೆ ಇಡುವುದು ಹೇಗೆ', 'ಅತ್ತೆಯವರ ಮಂಡಿನೋವಿಗೆ ಯಾವ ಎಣ್ಣೆ' ಎಂದು ಕೇಳುತ್ತಲೇ ಇರುತ್ತಾರೆ. ಛತ್ರಿ ರಿಪೇರಿಯ ಮರಿಸ್ವಾಮಣ್ಣ ಒಂದು ದಿನ 'ನವಿಲು ಎಷ್ಟು ತೂಕ ಇರುತ್ತೆ' ಎಂದು ಕೇಳಿದ್ದಕ್ಕೆ ಇವತ್ತಿಗೂ ಅವನ ಹೆಸರು ನವಿಲು ಮರಿಸ್ವಾಮಿ. "ತಿಳ್ಕೋಬೇಕು ಅನ್ನಿಸ್ತು, ಕೇಳ್ದೆ. ನಿಮಗ್ಯಾರಿಗೂ ಏನೂ ಅನ್ಸೋದೇ ಇಲ್ವಾ?" ಎಂದು ಅವನು ಕೇಳುತ್ತಾನೆ. ನಮ್ಮ ಎದುರುಮನೆಯಲ್ಲಿ ಬ್ಲೌಸು ಹೊಲಿಯುವ ಜೈಬುನಕ್ಕನಂತೂ ಗೋಡೆಯನ್ನು ಅಂಗಡಿಯ ಬೋರ್ಡು ಮಾಡಿಕೊಂಡಿದ್ದಾಳೆ. 'ಹೊಲಿಸಿ ಎರಡು ತಿಂಗಳಾದರೂ ಒಯ್ಯದವರ ಬ್ಲೌಸು ಒರೆಸುವ ಬಟ್ಟೆ ಮಾಡಬಹುದಾ' ಎಂದು ಮಧ್ಯಾಹ್ನ ಟೈಪು ಮಾಡಿದರೆ, ಸಂಜೆ ಆರರೊಳಗೆ ಮೂವರಾದರೂ ಓಡಿಬರುತ್ತಾರೆ.

ನನಗೆ ಹಾಗೆ ಹೊಂದಿಕೊಳ್ಳಲಾಗಲಿಲ್ಲ. ಬಿ.ಎ. ಮುಗಿಸಿದ ವರ್ಷ ನಾನು ಒಮ್ಮೆ 'ಸಂದರ್ಶನದಲ್ಲಿ ಬಾಯಿ ಕಟ್ಟಿದ ಹಾಗಾದರೆ ಏನು ಮಾಡಬೇಕು' ಎಂದು ಹುಡುಕಿದೆ. ಸಂಜೆ ಜೈಬುನಕ್ಕ ಸೊಂಟದ ಮೇಲೆ ಕೈಯಿಟ್ಟುಕೊಂಡು ಅದನ್ನು ಜೋರಾಗಿ ಓದಿ, "ಬಿ.ಎ. ಮೇಡಂ, ನನ್ ಹತ್ರ ಬಂದು ದಿನಾ ಅರ್ಧ ಗಂಟೆ ಜಗಳ ಆಡು. ಬಾಯಿ ತಾನಾಗೇ ಬಿಚ್ಕೊಳುತ್ತೆ" ಎಂದಳು. ಬೀದಿಯೆಲ್ಲ ನಕ್ಕಿತು. ಅವಳು ಪ್ರೀತಿಯಿಂದಲೇ ಹೇಳಿದ್ದು, ಈಗ ಗೊತ್ತು. ಆದರೆ ಅಂದಿನಿಂದ ಕೇಳಬೇಕಾದ್ದನ್ನೆಲ್ಲ ನಾನು ಡೈರಿಯಲ್ಲಿ ಬರೆದಿಟ್ಟೆ. ಉತ್ತರವಿಲ್ಲದ ಪ್ರಶ್ನೆಗಳೇ ಎರಡು ನೋಟುಬುಕ್ಕು ತುಂಬಿವೆ. ಫೋನನ್ನು ಮುಟ್ಟಿದರೆ ಟೋಕನ್ನಿಗೆ ಮಾತ್ರ.

ನಮ್ಮಮ್ಮ ಚಿಕ್ಕತಾಯಮ್ಮ. ಶಾಲೆಯಲ್ಲಿ ಬಿಸಿಯೂಟದ ಅಡುಗೆ ಅವಳದು, ಹನ್ನೊಂದು ವರ್ಷದಿಂದ. ಓದು ಬರುವುದಿಲ್ಲ. ಹಸಿರು ಗುಂಡಿ ಒತ್ತಿದರೆ ಫೋನು ಹೋಗುತ್ತದೆ, ಕೆಂಪು ಒತ್ತಿದರೆ ನಿಲ್ಲುತ್ತದೆ, ಅಷ್ಟೇ ಅವಳಿಗೆ ಗೊತ್ತು ಎಂದುಕೊಂಡಿದ್ದೆ. ಮೈಕಿನ ಚಿತ್ರ ಒತ್ತಿ ಬಾಯಲ್ಲೇ ಕೇಳಬಹುದು ಎಂದು ಶಾಲೆಯ ಹೆಣ್ಣುಮಕ್ಕಳು ತೋರಿಸಿಕೊಟ್ಟಿದ್ದರಂತೆ. ಬೆರಳಲ್ಲಿ ಒತ್ತಿ ಬರೆದರೆ ಗೋಡೆಗೆ ಬರುತ್ತದೆ, ಬಾಯಲ್ಲಿ ಹೇಳಿದ್ದು ಬಾಯಲ್ಲೇ ಹೋಗುತ್ತದೆ ಎಂದು ಅಮ್ಮ ತಾನೇ ತೀರ್ಮಾನಿಸಿಕೊಂಡಿದ್ದಳು. ಅಕ್ಷರವೆನ್ನುವುದು ಬರೆಯುವವರ ಕೈಯಿಂದ ತಾನೇ ಬರುವುದು? ಅವಳ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ.

ಆ ಮಂಗಳವಾರ ನಾನು ಲೈಬ್ರರಿಯಿಂದ ಬರುವಾಗ ಐದೂಕಾಲು. ಹಿಟ್ಟಿನ ಗಿರಣಿಯ ಮೂಲೆ ತಿರುಗಿದರೆ ನಮ್ಮ ಮನೆಯ ಮುಂದೆ ಜನ. ಹದಿನೈದು ಇಪ್ಪತ್ತು ಜನ. ಎಲ್ಲರ ಮುಖವೂ ಗೋಡೆಯತ್ತ. ಕಿಟಕಿಯ ಕೆಳಗಿನಿಂದ ಹೊಸ್ತಿಲವರೆಗೆ ಗೋಡೆಯ ತುಂಬ ಅಮ್ಮನ ಮಾತು, ಅಮ್ಮ ಮಾತಾಡುವ ಹಾಗೇ:

'ಏನಪ್ಪಾ, ಒಂದು ಮಾತು ಕೇಳಬೇಕಿತ್ತು. ಕೆಲಸದಲ್ಲಿದೀಯೇನೋ. ನನಗೆ ಮುಟ್ಟು ನಿಂತು ಆರು ವರ್ಷ ಆಯ್ತು. ಈಗ ನಾಲ್ಕು ತಿಂಗಳಿಂದ ಮತ್ತೆ ಕಾಣ್ತಾ ಇದೆ. ಸೊಂಟ ಕಿತ್ಕೊಂಡು ಬರುತ್ತೆ. ಸ್ಕೂಲಲ್ಲಿ ಹಂಡೆ ಎತ್ತುವಾಗ ಕಣ್ಣು ಕತ್ತಲೆ ಬರುತ್ತೆ. ಇದಕ್ಕೆ ಯಾವ ಡಾಕ್ಟರನ್ನ ನೋಡಬೇಕು, ಹೆಂಗಸರಾದರೆ ವಾಸಿ. ಮಗಳ ಕೈಲಿ ಕೇಳಿಸಿದರೆ ಗೋಡೆಗೆ ಬರುತ್ತೆ, ಅದಕ್ಕೆ ನಾನೇ ಹೇಳ್ತಾ ಇದೀನಿ. ಅವಳಿಗೆ ಗೊತ್ತಾಗೋದು ಬೇಡ, ಹೆದರುಪುಕ್ಕಿ. ಯಾರಿಗೂ ಹೇಳಬೇಡ ಕಣಪ್ಪಾ.'

ಹಿಂದಿನ ಸಾಲಿನಲ್ಲಿ ನಿಂತಿದ್ದ ಗಂಡಸರಲ್ಲಿ ಒಬ್ಬ ಕಿಸಕ್ಕೆಂದ. ಜೈಬುನಕ್ಕ ಕುತ್ತಿಗೆಗೆ ಅಳತೆಯ ಟೇಪು ಹಾಕಿಕೊಂಡಿದ್ದ ಹಾಗೇ ಬೀದಿ ದಾಟಿ ಓಡಿಬಂದಳು. ಕೈಯಲ್ಲೊಂದು ದುಪ್ಪಟಿ. ಅದನ್ನು ಕಿಟಕಿಯ ಸರಳಿಗೆ ಸಿಕ್ಕಿಸಿ ಇಳಿಬಿಟ್ಟಳು. ಅಕ್ಷರಗಳು ದುಪ್ಪಟಿಯ ಮೇಲೆ ಮೂಡಿಕೊಂಡವು. ಅದನ್ನು ಎಳೆದು ಬಿಸಾಕಿ ತಾನೇ ಗೋಡೆಗೆ ಬೆನ್ನು ಕೊಟ್ಟು, ಎರಡೂ ಕೈ ಅಗಲ ಮಾಡಿ ನಿಂತಳು. "ಓದಿದ್ದಾಯ್ತಲ್ಲ, ನಡೀರಿ. ನಿಮ್ ನಿಮ್ ಮನೇಲೂ ಹೆಂಗಸರಿದಾರೆ, ಹೋಗಿ ಅವರನ್ನ ಕೇಳಿ, ಇದಕ್ಕಿಂತ ಚೆನ್ನಾಗಿ ಹೇಳ್ತಾರೆ." ಜನ ಕರಗಿದರು. ಅವಳ ಎದೆಯ ಮೇಲೆ, ಸೆರಗಿನ ಮೇಲೆ, ಸಾಲುಸಾಲಾಗಿ ನಮ್ಮಮ್ಮನ ಮಾತು ಹತ್ತಿಕೊಂಡಿತ್ತು. 'ಯಾರಿಗೂ ಹೇಳಬೇಡ' ಎನ್ನುವುದು ಸರಿಯಾಗಿ ಅವಳ ಮೊಣಕೈ ಹತ್ತಿರ.

ನಾನು ಏನು ಮಾಡಿದೆ? ಗಿರಣಿಯ ಮೂಲೆಯಲ್ಲಿ, ಲೈಬ್ರರಿ ಪುಸ್ತಕ ಎದೆಗವಚಿಕೊಂಡು ನಿಂತಿದ್ದೆ. ಕೊನೆಯ ಮನುಷ್ಯ ಹೋಗುವವರೆಗೂ ಅಲ್ಲೇ ನಿಂತಿದ್ದೆ. ಇದನ್ನು ಡೈರಿಯಲ್ಲಿ ಬರೆಯಲೂ ನನಗೆ ಎಂಟು ದಿನ ಬೇಕಾಯಿತು.

ನಾನು ಮನೆಯ ಮುಂದೆ ಬರುವಷ್ಟರಲ್ಲಿ, ಗದ್ದಲ ಕೇಳಿ ಅಮ್ಮ ಸೌಟು ಹಿಡಿದುಕೊಂಡೇ ಹೊರಬಂದಳು. ಗೋಡೆಯತ್ತ ನೋಡಿದಳು. ಇಷ್ಟೊಂದು ಬರಹ ನಮ್ಮ ಮನೆಗೆ ಎಂದೂ ಬಂದಿರಲಿಲ್ಲ. "ಏನ್ ಮಗಾ ಇದು, ಏನ್ ಕೇಳ್ದೆ ಇವತ್ತು? ಗೋಡೆ ತುಂಬಾ ಬಂದಿದೆ" ಎಂದಳು. ನಾನು ಅಳತೊಡಗಿದೆ. ಜೈಬುನಕ್ಕ ಅವಳ ಕೈ ಹಿಡಿದು ಒಳಗೆ ಕರೆದೊಯ್ದು ಹೇಳಿದಳು. ಅಮ್ಮ ಒಲೆಯ ಉರಿ ತಗ್ಗಿಸಿದಳು. "ನಾನು ಬಾಯಲ್ಲಿ ಹೇಳಿದ್ದು ಕಣೇ," ಎಂದಳು ಆಮೇಲೆ. "ಬರೀಲಿಲ್ಲ. ನನಗೆ ಬರಿಯಕ್ಕೆಲ್ಲಿ ಬರುತ್ತೆ."

ಮಾರನೆಯ ದಿನ ಅವಳು ಎಂದಿನಂತೆ ಎಂಟಕ್ಕೆ ಶಾಲೆಗೆ ಹೋದಳು, ಒಂಬತ್ತಕ್ಕೆ ವಾಪಸ್ಸು ಬಂದಳು. ಅಕ್ಕಿ ತೊಳೆದಿಟ್ಟ ಮೇಲೆ ಹೆಡ್‌ಮಾಸ್ಟರ್ ಪರಮೇಶಿಯವರು ಅಡುಗೆಮನೆಯ ಬಾಗಿಲಿಗೆ ಬಂದು, ಒಳಗೆ ಕಾಲಿಡದೆ, "ಮಕ್ಕಳ ಅನ್ನದ ವಿಷಯ ತಾಯಮ್ಮ. ಪೋಷಕರೆಲ್ಲ ಓದಿದಾರೆ. ನಾಳೆ ಒಂದು ಮಾತು ಬಂದರೆ ನನ್ನ ತಲೆಗೆ. ವಾಸಿಯಾಗಲಿ, ಆಮೇಲೆ ನೋಡೋಣ" ಎಂದರಂತೆ. ಹನ್ನೊಂದು ವರ್ಷ ದಿನಾ ಮಧ್ಯಾಹ್ನ ಅವರ ಮನೆಗೆ ಕ್ಯಾರಿಯರ್ ತುಂಬಿಸಿ ಕಳಿಸಿದವಳು ಇವಳೇ. ಆಗ ಕೈಯಲ್ಲಿ ರೋಗ ಕಾಣಲಿಲ್ಲ. ಹೊಟ್ಟೆಯೊಳಗಿನ ನೋವು ಸಾರಿನ ಪಾತ್ರೆಗೆ ಹೇಗೆ ಇಳಿಯುತ್ತದೆಂದು ಕೇಳಬೇಕಿತ್ತು. ಅಮ್ಮ ಕೇಳಲಿಲ್ಲ. "ತೊಳೆದ ಅಕ್ಕಿ ನೆಂದು ಹಾಳಾಗುತ್ತೆ, ಬೇಗ ಯಾರನ್ನಾದ್ರೂ ಕರೀರಿ ಅಂದು ಬಂದೆ" ಎಂದಳು.

ಆಸ್ಪತ್ರೆಯ ಚೀಟಿಯನ್ನು ನಾನೇ ಹಾಕಿದೆ. ಅದೂ ಗೋಡೆಗೆ ಬಂತು, ಬರಲಿ. ಹೆಂಗಸು ಡಾಕ್ಟರೇ ಸಿಕ್ಕರು. ಪರೀಕ್ಷೆಗಳು, ಆಮೇಲೆ ಇನ್ನೊಂದು ಪರೀಕ್ಷೆ, ಆಮೇಲೆ ಗರ್ಭಕೋಶ ತೆಗೆಯಬೇಕೆಂದರು, ತೆಗೆದರು. ಕೆಟ್ಟ ಗಂಟು, ಆದರೆ ಹೊರಗೆ ಹರಡಿರಲಿಲ್ಲ. "ಇನ್ನೂ ಮೊದಲೇ ಬರಬೇಕಿತ್ತು," ಎಂದರು ಡಾಕ್ಟರು ಫೈಲು ಮುಚ್ಚುತ್ತಾ. "ನಾಲ್ಕು ತಿಂಗಳು ಯಾಕಮ್ಮ ಸುಮ್ನಿದ್ರಿ?"

"ಗೋಡೆ ಇತ್ತಲ್ಲಮ್ಮ," ಎಂದಳು ಅಮ್ಮ.

ಡಾಕ್ಟರಿಗೆ ಅರ್ಥವಾಗಲಿಲ್ಲ. ಅವರದು ಬಣ್ಣದ ಮನೆಯಿರಬೇಕು.

ಆ ಮಾತು ನನ್ನೊಳಗೆ ಮುಳ್ಳಿನ ಹಾಗೆ ಕೂತಿತು. ಅಮ್ಮ ಮನೆಗೆ ಬಂದ ಮೇಲೆ ನಾನು ಒಂದು ಅರ್ಜಿ ಬರೆದೆ. ಬಾಯಲ್ಲಿ ಹೇಳಲು ಹೋದರೆ ನನಗೆ ಅರ್ಧಕ್ಕೇ ನಿಲ್ಲುತ್ತದೆ, ಬರೆಯಲು ಮಾತ್ರ ಬರುತ್ತದೆ. ನಾಲ್ಕು ಪುಟ ಬರೆದೆ. ಕಾಯಿಲೆ ಕಸಾಲೆಯ ಮಾತನ್ನಾದರೂ ಗೋಡೆಗೆ ತರಬೇಡಿ, ಜನ ಹೆದರಿ ಕೇಳದೆ ಸಾಯುತ್ತಾರೆ ಎಂದು ಬರೆದೆ. ಸುಳ್ಳು ಸೇರಬಾರದೆಂದು ನಡೆದದ್ದನ್ನು ನಡೆದ ಹಾಗೇ ಬರೆದೆ. 'ಅಂದು ಗೋಡೆಯ ಮೇಲೆ ಮೂಡಿದ್ದರಿಂದಲೇ ನನ್ನ ತಾಯಿಯ ಕಾಯಿಲೆ ನನಗೆ ತಿಳಿಯಿತು' ಎನ್ನುವ ಸಾಲೂ ಅದರಲ್ಲಿತ್ತು. ಅದು ನಿಜ. ಅದರ ಮುಂದಿನ ಸಾಲು ಹೀಗಿತ್ತು: 'ಆದರೆ ಗೋಡೆಯ ಭಯವಿಲ್ಲದಿದ್ದರೆ ಆಕೆ ನಾಲ್ಕು ತಿಂಗಳು ಮೊದಲೇ ನನಗೆ ಹೇಳುತ್ತಿದ್ದರು.' ಅದೂ ನಿಜ.

ರಿಯಾಯಿತಿ ಕಚೇರಿಯ ಸೂಪರಿಂಟೆಂಡೆಂಟ್ ಸದಾನಂದಯ್ಯನವರು ಎದುರಿಗೇ ಕೂತು ನಾಲ್ಕೂ ಪುಟ ಓದಿದರು. "ಅಕ್ಷರ ಮುತ್ತಿನ ಹಾಗಿದೆಯಲ್ಲಮ್ಮ" ಎಂದರು. ನಾನು ತಲೆ ತಗ್ಗಿಸಿ ನಿಂತಿದ್ದೆ. "ನೋಡಿ, ಯಾರೂ ಯಾರನ್ನೂ ಬಲವಂತ ಮಾಡಿಲ್ಲ. ಬೇಡ ಅಂದ್ರೆ ಪೂರ್ತಿ ದರ ಕೊಟ್ಕೊಳ್ಳಿ, ಗೋಡೆಗೆ ಬೇಕಾದ ಬಣ್ಣ ಹೊಡ್ಕೊಳ್ಳಿ. ಕೊಡೋರಿಗೆ ಕೇಳೋ ಹಕ್ಕಿರುತ್ತೆ. ಮತ್ತೆ, ಬೇಜಾರ್ ಮಾಡ್ಕೋಬೇಡಿ, ನಿಮ್ಮಂಥೋರಿಗೆ ಮುಚ್ಚಿಡಕ್ಕೆ ಅಂತಾದ್ದು ಏನಿರುತ್ತೆ?" ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ಅಲ್ಲೇ ಉಳಿಯಿತು. ಅವರು ಅರ್ಜಿಯನ್ನು ಮಡಿಸಿ ಡ್ರಾಯರಿನಲ್ಲಿಟ್ಟುಕೊಂಡರು. ಇಟ್ಟುಕೊಂಡರಲ್ಲ, ಯೋಚನೆ ಮಾಡುತ್ತಾರೇನೋ ಎಂದು ಆಸೆಪಟ್ಟುಕೊಂಡು ಮನೆಗೆ ಬಂದೆ. ಎಂಥ ದಡ್ಡಿ ನಾನು.

ಹತ್ತು ದಿನ ಬಿಟ್ಟು, ಒಂದು ಬೆಳಿಗ್ಗೆ ಅವರೇ ನಮ್ಮ ಬೀದಿಗೆ ಬಂದರು. ಜೊತೆಗೆ ಕುತ್ತಿಗೆಗೆ ಕ್ಯಾಮೆರಾ ಹಾಕಿಕೊಂಡ ಫೋಟೋಗ್ರಾಫರ್, ಒಂದು ಹಣ್ಣಿನ ಬುಟ್ಟಿ. ಅಮ್ಮ ಜಗಲಿಯ ಮೇಲೆ ಬಿಸಿಲಿಗೆ ಕೂತು ಅವರೆಕಾಳು ಬಿಡಿಸುತ್ತಿದ್ದಳು. ಸದಾನಂದಯ್ಯನವರು ಬುಟ್ಟಿಯನ್ನು ಅವಳ ಪಕ್ಕದಲ್ಲಿಟ್ಟು, ಚೀಲದಿಂದ ಅಚ್ಚಾದ ಹಾಳೆಯೊಂದನ್ನು ತೆಗೆದರು. ಹೊಳೆಯುವ ಕಾಗದ. ಮೇಲೆ ದಪ್ಪಕ್ಷರದಲ್ಲಿ 'ಗೋಡೆ ಉಳಿಸಿದ ಜೀವ' ಎಂದಿತ್ತು. ನಡುವೆ ಫೋಟೋಗೆಂದು ಖಾಲಿ ಬಿಟ್ಟ ಚೌಕ. ಕೆಳಗೆ ಉದ್ಧರಣ ಚಿಹ್ನೆಯೊಳಗೆ ನನ್ನ ಸಾಲು: 'ಅಂದು ಗೋಡೆಯ ಮೇಲೆ ಮೂಡಿದ್ದರಿಂದಲೇ ನನ್ನ ತಾಯಿಯ ಕಾಯಿಲೆ ನನಗೆ ತಿಳಿಯಿತು.' ಅದರ ಕೆಳಗೆ ನನ್ನ ಹೆಸರು, ಇಂದುಮತಿ ಬಿ.ಎ. ನಾಲ್ಕು ಪುಟದಲ್ಲಿ ಅವರಿಗೆ ಬೇಕಾದದ್ದು ಆ ಒಂದು ಸಾಲು. ಅದರ ಮುಂದಿನ ಸಾಲನ್ನು ಕತ್ತರಿಯಲ್ಲಿ ಕತ್ತರಿಸಿದಷ್ಟು ನೀಟಾಗಿ ಬಿಟ್ಟಿದ್ದರು.

"ಇಲ್ಲೊಂದು ಹೆಬ್ಬೆಟ್ಟು ಒತ್ತಿ, ಗೋಡೆ ಮುಂದೆ ನಿಂತ್ಕೊಂಡು ಒಂದು ಫೋಟೋ, ಅಷ್ಟೇ ತಾಯಿ," ಎಂದರು ಸದಾನಂದಯ್ಯ. "ಪರಮೇಶಿಯವರ ಹತ್ರ ನಾನೇ ಮಾತಾಡಿದೀನಿ. ಸೋಮವಾರದಿಂದ ಕೆಲಸಕ್ಕೆ ಹೋಗಬಹುದು. ನೀವೇ ನಾಲ್ಕು ಜನಕ್ಕೆ ಮಾದರಿ ಆದ್ರಿ ಅಂದ್ಮೇಲೆ ಯಾರು ಏನಂತಾರೆ?"

ಅಮ್ಮ ಕಾಳು ಬಿಡಿಸುವ ಕೈ ನಿಲ್ಲಿಸಿದಳು. ಆ ಶಾಲೆಯ ಅಡುಗೆಮನೆ ಅವಳಿಗೆ ಏನೆಂದು ನನಗೆ ಗೊತ್ತು. ಆಸ್ಪತ್ರೆಯಲ್ಲಿ ಮಂಪರಿನಲ್ಲಿದ್ದಾಗಲೂ 'ಸಾರಿಗೆ ಉಪ್ಪು ನೋಡಿ' ಎಂದವಳು. "ಏನ್ ಬರೆದಿದೆ ಓದು ಮಗಾ" ಎಂದಳು. ಓದಿದೆ. ಕೊನೆಗೆ ನನ್ನ ಸಾಲು, ನನ್ನ ಹೆಸರು.

"ಇದು ನೀನು ಬರೆದಿದ್ದಾ?"

"ಅಷ್ಟು ಮಾತ್ರ ನಂದು. ಇನ್ನೊಂದು ಸಾಲಿತ್ತಮ್ಮ. ಗೋಡೆ ಇಲ್ದಿದ್ರೆ ನೀನು ಮೊದಲೇ ಹೇಳ್ತಿದ್ದೆ ಅಂತ. ಅದನ್ನ ಬಿಟ್ಟುಬಿಟ್ಟಿದಾರೆ."

ಅಮ್ಮ ಸೆರಗು ಸರಿಮಾಡಿಕೊಂಡು ಸದಾನಂದಯ್ಯನವರ ಕಡೆ ತಿರುಗಿದಳು. ಶಾಲೆಯಲ್ಲಿ ಮಗುವಿನ ತಟ್ಟೆಗೆ ಬಡಿಸುವಾಗ 'ಇನ್ನು ಸ್ವಲ್ಪ ಹಾಕ್ಲಾ' ಎಂದು ಕೇಳುವ ದನಿಯಲ್ಲೇ ಕೇಳಿದಳು. "ಸ್ವಾಮಿ, ನಿಮ್ಮ ತಾಯಿಯೋರು ಇದಾರಾ?"

"ಇದಾರೆ, ಇದಾರೆ. ಎಪ್ಪತ್ತಾಯ್ತು."

"ಅವರಿಗೆ ಮುಟ್ಟು ನಿಂತು ಎಷ್ಟು ವರ್ಷ ಆಯ್ತು?"

ಫೋಟೋಗ್ರಾಫರ್ ಕ್ಯಾಮೆರಾದ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿದ. ಸದಾನಂದಯ್ಯನವರ ಕಿವಿ ಕೆಂಪಗಾಯಿತು. "ಏನಮ್ಮ ಮಾತಾಡ್ತಿದೀರ? ನಾಲಿಗೆ ಹಿಡಿತದಲ್ಲಿರ್ಲಿ."

"ಬೈಬೇಡಿ ಸ್ವಾಮಿ, ತಿಳ್ಕೊಳ್ಳೋಣ ಅಂತ ಕೇಳ್ದೆ. ನಂದು ನಿಮಗೆ ಗೊತ್ತು. ಊರಿಗೂ ಗೊತ್ತು. ಅಚ್ಚು ಬೇರೆ ಹಾಕ್ಸಿದೀರ. ನಿಮ್ಮನೇದು ಒಂದು ಹೇಳಿಬಿಟ್ರೆ ನನಗೂ ಹೆಬ್ಬೆಟ್ಟು ಒತ್ತಕ್ಕೆ ಧೈರ್ಯ ಬರುತ್ತೆ."

ಎದುರುಮನೆಯ ಹೊಲಿಗೆ ಮಿಷನ್ನು ನಿಂತಿತು. "ಹೇಳಿ ಸ್ವಾಮಿ," ಎಂದಳು ಜೈಬುನಕ್ಕ ಕಿಟಕಿಯಿಂದಲೇ. "ನಮ್ಮಂಥೋರ ಹತ್ರ ಮುಚ್ಚಿಡಕ್ಕೆ ಏನಿರುತ್ತೆ?"

ಕಚೇರಿಯಲ್ಲಿ ಅವರು ಹೇಳಿದ ಮಾತನ್ನು ನಾನು ಬೇರೆ ಯಾರಿಗೂ ಹೇಳಿರಲಿಲ್ಲ, ಅವಳೊಬ್ಬಳಿಗೆ ಹೇಳಿದ್ದೆ. ದಿನಾ ಅರ್ಧ ಗಂಟೆ ಅವಳ ಮಿಷನ್ನಿನ ಪಕ್ಕ ಕೂರಲು ಶುರುಮಾಡಿ ಆಗಲೇ ಒಂದು ವಾರವಾಗಿತ್ತು.

ಸದಾನಂದಯ್ಯನವರು ಹಾಳೆಯನ್ನು ಚೀಲಕ್ಕೆ ತುರುಕಿಕೊಂಡು ಹೋದರು. ಹಣ್ಣಿನ ಬುಟ್ಟಿ ಮರೆತು ಹೋದರು. ಅಮ್ಮ ಫೋಟೋಗ್ರಾಫರನ್ನು ಕೂಗಿ ಕರೆದು ಅದನ್ನು ವಾಪಸ್ಸು ಕಳಿಸಿದಳು. ಸೋಮವಾರ ಶಾಲೆಗೆ ಬೇರೊಬ್ಬ ಅಡುಗೆಯವರು ಬಂದರು. ಆ ವಿಷಯ ಕೇಳಿದ ದಿನ ಅಮ್ಮ ಊಟ ಮಾಡಲಿಲ್ಲ. ಏನೋ ದೊಡ್ಡ ಕೆಲಸ ಗೆದ್ದೆವೆಂದು ನಾನು ಹೇಳಿಕೊಳ್ಳುವುದಿಲ್ಲ. ಅವಳ ಕೆಲಸ ಹೋಯಿತು. ಹಾಳೆ ಹೇಗೂ ಅಚ್ಚಾಗಿದೆ, ಅಮ್ಮನ ಫೋಟೋ ಇಲ್ಲದೆ, ಯಾವುದೋ ನಗುವ ಹೆಂಗಸಿನ ಚಿತ್ರ ಹಾಕಿ, ಕೆಳಗೆ ನನ್ನ ಅದೇ ಸಾಲು, ನನ್ನ ಹೆಸರು. ಬಸ್ ಸ್ಟ್ಯಾಂಡಿನ ಕಂಬಕ್ಕೂ ಅಂಟಿಸಿದ್ದಾರೆ.

ಅದನ್ನು ನೋಡಿದ ದಿನ ನಾನು ಅಮ್ಮನನ್ನು ಕೇಳಿದೆ. "ಪೂರ್ತಿ ಹೇಳಿಬಿಡ್ಲಾ ಅಮ್ಮ? ಮೊದಲಿಂದ ಕೊನೇವರೆಗೂ? ನೀನು ಬೇಡ ಅಂದ್ರೆ ಇಲ್ಲ."

"ಅವತ್ತು ನನ್ನನ್ನ ಕೇಳ್ದೆ ಬಂತು," ಎಂದಳು. "ಇವತ್ತು ಕೇಳ್ತಿದೀಯ. ಹೇಳು. ಆ ಪರಮೇಶಿ ಕ್ಯಾರಿಯರ್ ವಿಷಯ ಬಿಡಬೇಡ."

ಹಾಗಾಗಿ ಡೈರಿಯನ್ನು ತೊಡೆಯ ಮೇಲಿಟ್ಟುಕೊಂಡು, ಮೈಕಿನ ಚಿತ್ರ ಒತ್ತಿ, ಮಧ್ಯಾಹ್ನ ಎರಡರಿಂದ ಇದನ್ನೆಲ್ಲ ಫೋನಿಗೆ ಹೇಳುತ್ತಿದ್ದೇನೆ. ಬೇರೂರಿನಿಂದ ಬಸ್ಸಿಳಿದು ಬಂದವರಿಗೂ ತಿಳಿಯಲೆಂದು, ನಮಗೆಲ್ಲ ಗೊತ್ತಿರುವುದನ್ನೂ ಬಿಡದೆ ಹೇಳಿದ್ದೇನೆ. ಎರಡು ಸಲ ಬಾಯಿ ಕಟ್ಟಿತು, ನೀರು ಕುಡಿದು ಮುಂದುವರಿಸಿದೆ. ನಮ್ಮ ಗೋಡೆ ಸಾಲುವುದಿಲ್ಲವೆಂದು ಜೈಬುನಕ್ಕ ತನ್ನ ಫೋನನ್ನೂ ತಂದು ಪಕ್ಕದಲ್ಲಿಟ್ಟಿದ್ದಾಳೆ, ಅದೂ ಕೇಳಿಸಿಕೊಳ್ಳುತ್ತಿದೆ. ಮರಿಸ್ವಾಮಣ್ಣ ತನ್ನದನ್ನು ಕೊಟ್ಟು, "ಮಧ್ಯದಲ್ಲಿ ನವಿಲಿನ ವಿಷಯ ಬಂತಾ? ಬರಲಿ ಬಿಡು" ಎಂದ. ಬೆಳಿಗ್ಗೆ ಅವರಿಬ್ಬರೂ ಸೇರಿ ನಮ್ಮ ಗೋಡೆಗೆ ಎರಡು ಕೋಟು ಸುಣ್ಣ ಹೊಡೆದಿದ್ದಾರೆ, ಅಕ್ಷರ ಎದ್ದು ಕಾಣಲೆಂದು.

ಐದಕ್ಕೆ ಇನ್ನು ಹತ್ತು ನಿಮಿಷ. ಗೋಡೆಗೆ ಬೆನ್ನಾಗಿ, ಬೀದಿಗೆ ಮುಖವಾಗಿ ಅಮ್ಮ ಹೊರಗೆ ಕುರ್ಚಿ ಹಾಕಿಸಿಕೊಂಡು ಕೂತಿದ್ದಾಳೆ. ತಿರುಗಿ ಕೂರಮ್ಮ, ಗೋಡೆ ಕಾಣುವುದಿಲ್ಲ ಎಂದೆ. ತನಗೆ ಓದಲು ಬರುವುದಿಲ್ಲವಂತೆ, ಓದುವವರ ಮುಖ ನೋಡಬೇಕಂತೆ.